ಹತ್ತು ಕಡಿಮೆ

ಮತ್ತೆ ವಾಯುಪಡೆಯ ವಿಮಾನ, ಕಿಟಕಿಯ ಗಾಜು ಸಣ್ಣಗೆ ನಡುಗಿತು, ಇಪ್ಪತ್ತನಾಲ್ಕು ತಲೆಗಳಲ್ಲಿ ಒಂದೂ ಮೇಲೇಳಲಿಲ್ಲ, ಬೀದರಿನ ಮಕ್ಕಳಿಗೆ ಬಿಡು, ಈ ಸದ್ದು ಹುಟ್ಟಿದಾಗಿನಿಂದ ಇದ್ದದ್ದೇ, ಆದರೆ ಹಳ್ಳಿಯಿಂದ ಬಂದವಳಿಗೆ ಹೊಸದಲ್ಲವೇ, ಅವಳೂ ಏಳಲಿಲ್ಲ, ಮೂರನೆಯ ಸಾಲಿನಲ್ಲಿ ಕಿಟಕಿಯ ಪಕ್ಕದ ಬೆಂಚಿನಲ್ಲಿ ನನ್ನ ಮಂಜಿರಿ ನಾಲಿಗೆಯ ತುದಿಯನ್ನು ತುಟಿಯ ಮೂಲೆಗೆ ಒತ್ತಿಕೊಂಡು ಬರೆಯುತ್ತಿದ್ದಾಳೆ — ನನ್ನ ಮಂಜಿರಿ ಅಂತ ಯಾಕೆ ಅಂದುಕೊಂಡೆ, ನನ್ನ ಐದನೆಯ ತರಗತಿಯ ಹದಿನೇಳು ಮಕ್ಕಳಲ್ಲಿ ಒಬ್ಬಳು, ಅಷ್ಟೇ, ವಸತಿ ಶಾಲೆಯ ಪ್ರವೇಶ ಪರೀಕ್ಷೆಯ ಕೋಣೆಯಲ್ಲಿ ಯಾರೂ ಯಾರ ಮಕ್ಕಳೂ ಅಲ್ಲ, ಬೆಳಿಗ್ಗೆ ಸಹಿ ಹಾಕಿದ ಕಾಗದದಲ್ಲಿ ಹಾಗೇ ಇತ್ತು, ಕರುಣಾ ಎಂಬ ನಾನು ಮೇಲ್ವಿಚಾರಕಿಯಾಗಿರುವ ಈ ಕೊಠಡಿಯಲ್ಲಿ ನನ್ನ ಸಂಬಂಧಿಕರು ಯಾರೂ ಇಲ್ಲ, ಇಲ್ಲ, ಸಂಬಂಧಿಕರಿಲ್ಲ, ವಿದ್ಯಾರ್ಥಿನಿ ಇದ್ದಾಳೆ, ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ, ಹೇಳಬೇಕಿತ್ತೇನೋ, ಆದರೆ ಹಾಲ್ ಟಿಕೆಟ್ ನೋಡುತ್ತ ಬಂದಾಗ ಬಿಳಿಚಿಕೊಂಡಿದ್ದ ಆ ಮುಖ ನನ್ನನ್ನು ಕಂಡು ಒಂದೇ ಸಲಕ್ಕೆ ಅರಳಿದ್ದು ನೋಡಿ ನನಗೂ ಆಸೆಯಾಯಿತು, ಇರಲಿ, ನಾನಿದ್ದರೆ ಮಗುವಿಗೆ ಧೈರ್ಯ ಎಂದುಕೊಂಡೆ. ಕುಂದ್ರರಿ ಟೀಚರ್, ಎಷ್ಟು ತಿರುಗಾಡ್ತೀರಿ, ಪರೀಕ್ಷಾ ಹುಡುಗರದ್ದದ, ನಮ್ದಲ್ಲ, ಎನ್ನುತ್ತಾರೆ ಮುಸರ್ರತ, ಜೊತೆಯ ಮೇಲ್ವಿಚಾರಕಿ, ಇಲ್ಲಿನ ಉರ್ದು ಶಾಲೆಯವರು, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಉತ್ತರ ಹಾಳೆಗಳ ಲಕೋಟೆಯ ಮೇಲೆ ಕೊಠಡಿ ಸಂಖ್ಯೆ ಬರೆಯುತ್ತಿದ್ದಾರೆ, ಕೆಲಸ ಬರೆಯುವುದಾದರೂ ಕಣ್ಣು ಮಾತ್ರ ಕೋಣೆ ತುಂಬ ಇದೆ, ಒಳ್ಳೆಯವರು, ಕಟ್ಟುನಿಟ್ಟಿನವರು, ಒಬ್ಬ ಹುಡುಗ ಕುತ್ತಿಗೆ ತಿರುಗಿಸಿದ್ದಕ್ಕೆ ಎದ್ದು ಹೋಗಿ ಅವನ ತಲೆಯನ್ನು ಎರಡೂ ಕೈಯಿಂದ ಹಿಡಿದು ನೆಟ್ಟಗೆ ಮಾಡಿ ಬಂದರು. ನಾನು ಕೂರಲಾರೆ. ಅಂಕಗಣಿತದ ಪುಟ ಈಗ ಶುರುವಾಗಿದೆ.

ಹೊರಗೆ ಗೇಟಿನ ಬಳಿ ಬೇವಿನ ಮರದ ಕೆಳಗೆ ಅವಳ ಅಪ್ಪ ನಾರಾಯಣ ನಿಂತಿದ್ದಾರೆ, ಕಿಟಕಿಯಿಂದ ಅವರ ಬೈಕಿನ ಹ್ಯಾಂಡಲ್ಲಿಗೆ ತೂಗುಬಿಟ್ಟ ರೊಟ್ಟಿಯ ಗಂಟು ಕಾಣುತ್ತದೆ, ಭಾತಂಬ್ರಾದ ಆಚೆಯ ನಮ್ಮ ಹಳ್ಳಿಯಿಂದ ಇಬ್ಬರೂ ಕತ್ತಲಿರುವಾಗಲೇ ಹೊರಟಿದ್ದರಂತೆ, ಮಗಳನ್ನು ಅಜ್ಜಿಯ ಶಾಲಿನಲ್ಲಿ ಸುತ್ತಿ ಹಿಂದೆ ಕೂರಿಸಿಕೊಂಡು, ನಾನು ಭಾಲ್ಕಿಯಿಂದ ಏಳರ ಬಸ್ಸಿಗೆ ಬಂದು ಇಳಿದಾಗ ಅವರು ಗೇಟಿನಲ್ಲಿ ಚಹಾ ಕುಡಿಯುತ್ತಿದ್ದರು, ಅಕ್ಕೋರ, ನಿಮ್ಮ ಮಾತಿಗಿ ಕರಕೊಂಡ ಬಂದೇನಿ, ಇದರಾಗ ಪಾಸಾದ್ಳಂದ್ರ ಹಾಸ್ಟೆಲ್ ಸಾಲಿ, ಹನ್ನೆರಡನೇತ್ತಾ ತನಕ ನನಗ ಕಾಳಜಿ ಇಲ್ಲ, ಆಗಲಿಲ್ಲಂದ್ರ ಔರಾದಕ್ಕ ಕಳಸ್ತೇನಿ, ನನ್ನ ತಂಗಿಗಿ ಅವಳಿ ಕೂಸು ಆಗ್ಯಾವರಿ, ಎತ್ಕೊಳ್ಳಿಕ್ಕ ಒಬ್ಬಾಕಿ ಬೇಕಾಗ್ಯಾಳ, ಅಲ್ಲೂ ಸಾಲಿ ಅದ, ಹಾಕ್ತಾಳ. ಹಾಕ್ತಾಳ ಎಂದು ಅವರು ಹೇಳಿದರು, ಹಾಕ್ತಾಳ ಎಂದು ನಾನೂ ತಲೆದೂಗಿದೆ, ಇಬ್ಬರಿಗೂ ಗೊತ್ತು, ಕೂಸು ಎತ್ತಿಕೊಳ್ಳಲು ಹೋದ ಹುಡುಗಿ ಶಾಲೆಗೆ ಹೋಗುವುದಿಲ್ಲ, ಹೋದ ವರ್ಷ ಅಕ್ಕನ ಬಾಣಂತನಕ್ಕೆಂದು ಹದಿನೈದು ದಿನಕ್ಕೆ ಹೋದವಳ ಹೆಸರು ಇನ್ನೂ ನನ್ನ ಹಾಜರಿ ಪುಸ್ತಕದಲ್ಲಿದೆ, ಅವಳು ಬರುವುದಿಲ್ಲ, ಹೆಸರು ಹೊಡೆಯಲು ನನಗೆ ಮನಸ್ಸು ಬರುವುದಿಲ್ಲ. ನಾರಾಯಣ ಕೆಟ್ಟವರಲ್ಲ, ಹೆಂಡತಿ ತೀರಿಕೊಂಡು ಎರಡು ವರ್ಷ, ನಮ್ಮ ಶಾಲೆ ಐದಕ್ಕೇ ಮುಗಿಯುತ್ತದೆ, ಆರಕ್ಕೆ ನಾಲ್ಕು ಕಿಲೋಮೀಟರ್ ನಡೆಯಬೇಕು, ಬೆಳೆಯುವ ಹುಡುಗಿ, ಹಾದಿ ನಿರ್ಜನ, ಯಾರಾದರೂ ಹೇಳುವ ಮಾತನ್ನೇ ಅವರೂ ಹೇಳುತ್ತಾರೆ, ಪರೀಕ್ಷೆಗೆ ಕೂರಿಸಿ ಎಂದು ಮೂರು ಸಲ ಮನೆಗೆ ಹೋಗಿ ಹಟ ಹಿಡಿದವಳು ನಾನು, ನಮ್ಮ ಶಾಲೆಯಲ್ಲಿ ಲೆಕ್ಕದಲ್ಲಿ ಇವಳನ್ನು ಮೀರಿಸುವವರಿಲ್ಲ ಎಂದು ಎದೆ ತಟ್ಟಿ ಹೇಳಿದವಳು ನಾನು, ಆಗ ಇರಲಿಲ್ಲ, ಅದು ಸುಳ್ಳಲ್ಲ.

ಹೆಜ್ಜೆ ನಿಧಾನ ಮಾಡು, ಅವಳ ಹಿಂದೆ ಹೋಗಿ ನಿಲ್ಲು, ಪ್ರಶ್ನೆ ಓದಬಾರದು, ಓದುತ್ತಿಲ್ಲ, ಕಣ್ಣಿಗೆ ಬಿದ್ದರೆ ಏನು ಮಾಡಲಿ, ಒಂದು ತೊಟ್ಟಿಯಲ್ಲಿ ಐವತ್ತೆರಡು ಲೀಟರ್ ನೀರಿದೆ, ಇಪ್ಪತ್ತೇಳು ಲೀಟರ್ ಖರ್ಚಾದರೆ ಉಳಿದದ್ದೆಷ್ಟು, ಎರಡನೆಯ ತರಗತಿಯ ಲೆಕ್ಕ, ಅವಳು ಪುಟದ ಅಂಚಿನಲ್ಲಿ ಐವತ್ತೆರಡು ಬರೆದು ಕೆಳಗೆ ಇಪ್ಪತ್ತೇಳು ಬರೆದು ಗೆರೆ ಎಳೆದಳು, ಎರಡರಲ್ಲಿ ಏಳು ಹೋಗುವುದಿಲ್ಲ, ಪಕ್ಕದ ಐದರಿಂದ ಒಂದು ಹತ್ತು ತಂದಳು, ಐದನ್ನು ಹೊಡೆದು ಮೇಲೆ ನಾಲ್ಕು ಬರೆದಳು, ನಾನು ಕಲಿಸಿದ ಹಾಗೇ, ಅಚ್ಚುಕಟ್ಟು, ಹನ್ನೆರಡರಲ್ಲಿ ಏಳು ಹೋದರೆ ಐದು, ಸರಿ ಮಗಾ, ಈಗ ನಾಲ್ಕರಲ್ಲಿ ಎರಡು ಕಳೆ, ಎರಡು, ಇಪ್ಪತ್ತೈದು, ಮುಗಿಯಿತು — ಮುಗಿಯಲಿಲ್ಲ, ಪೆನ್ನು ಕೆಳಗೆ ಹೋಯಿತು, ಇಪ್ಪತ್ತೇಳರ ಎರಡರ ಕೆಳಗೆ, ಇರುವೆಯಷ್ಟು ಸಣ್ಣದಾಗಿ, ಒಂದು ಬರೆದಳು. ಎರಡು ಮೂರಾಯಿತು. ನಾಲ್ಕರಲ್ಲಿ ಮೂರು ಹೋದರೆ ಒಂದು. ಹದಿನೈದು. ಕೆಳಗೆ ನಾಲ್ಕು ಉತ್ತರಗಳ ಸಾಲಿನಲ್ಲಿ ಹದಿನೈದು ಎನ್ನುವುದೂ ಇದೆ, ಯಾರೋ ತಿಳಿದವರೇ ಅದನ್ನು ಅಲ್ಲಿ ಇಟ್ಟಿದ್ದಾರೆ, ಅವಳು ಉತ್ತರದ ಹಾಳೆಯಲ್ಲಿ ಅದರ ಎದುರಿನ ಖಾಲಿ ಸೊನ್ನೆಯನ್ನು ಕಪ್ಪು ಪೆನ್ನಿನಿಂದ ತುಂಬಿದಳು, ಅಂಚು ದಾಟದಂತೆ, ಅಳಿಸಲು ಬಾರದಂತೆ. ಇದು ಅಜ್ಜಿಯ ಒಂದು. ಮೇಲೆ ಹೊಡೆದದ್ದು ನನ್ನದು, ಕೆಳಗೆ ಸೇರಿಸಿದ್ದು ಅಜ್ಜಿಯದು, ಒಂದೇ ಹತ್ತಿಗೆ ಎರಡು ಕಡೆ ಕಳೆದುಕೊಂಡಿದ್ದಾಳೆ ನನ್ನ ಹುಡುಗಿ, ಹತ್ತು ಕಡಿಮೆ, ಎಲ್ಲ ಕಡೆ ಹತ್ತು ಕಡಿಮೆ, ಅಯ್ಯೋ ನನ್ನ ಕರ್ಮವೇ, ನಾಲ್ಕು ತಿಂಗಳಿಂದ ಇದು ನನ್ನ ಕಣ್ಣ ಮುಂದೇ ಇತ್ತಲ್ಲ.

ಅಜ್ಜಿ ಎಂದರೆ ಕಾವೇರಿಬಾಯಿ, ತವರು ಉದಗೀರದ ಕಡೆ, ಅಲ್ಲಿ ಮರಾಠಿ ಶಾಲೆಯಲ್ಲಿ ನಾಲ್ಕನೆಯ ತರಗತಿ ತನಕ ಕಲಿತವರು, ಸೊಸೆ ಹೋದ ಮೇಲೆ ಮೊಮ್ಮಗಳನ್ನು ಒಲೆಯ ಮುಂದೆ ಕೂರಿಸಿಕೊಂಡು ಬೂದಿಯ ಮೇಲೆ ಬೆರಳಿನಿಂದ ಲೆಕ್ಕ ಬರೆಸಿದವರು, ಅವರ ಕಳೆಯುವ ರೀತಿಯೇ ಬೇರೆ, ಮೇಲಿನದಕ್ಕೆ ಹತ್ತು ಕೊಡು, ಕೆಳಗಿನ ಪಕ್ಕದ ಮನೆಗೆ ಒಂದು ಕೊಡು, ಮೇಲಿನ ಅಂಕಿಯನ್ನು ಮುಟ್ಟಬೇಡ, ಹೊಡೆಯಬೇಡ. ಮಂಜಿರಿ ಹಾಗೇ ಮಾಡುತ್ತಿದ್ದಳು, ನೂರಕ್ಕೆ ನೂರು, ಗೊತ್ತಾಗದಷ್ಟು ಬೇಗ, ಯಾಕವಾ ಕೆಳಗ ಒಂದು ಬರೀತಿ ಎಂದರೆ, ಆಯಿ ಹೇಳ್ಯಾಳರಿ ಟೀಚರ್, ಮ್ಯಾಲಿನಾಕಿಗಿ ಹತ್ತು ಕೊಟ್ಟ ಮ್ಯಾಲ ಕೆಳಗಿನಾಕಿಗೂ ಹತ್ತು ಕೊಡಬೇಕು, ಇಲ್ಲಂದ್ರ ಅನ್ಯಾಯ ಆಗ್ತದ, ಮಕ್ಕಳೆಲ್ಲ ನಕ್ಕರು, ನಾನೂ ನಕ್ಕೆ, ಅಂಕಿಗಳಿಗೆಂಥ ನ್ಯಾಯ ಅನ್ಯಾಯ. ದಸರೆ ರಜೆಯ ಮುಂಚೆ ಭಾಲ್ಕಿಯಲ್ಲಿ ಮೂರು ದಿನ ತರಬೇತಿ, ಗಣಿತ ಕಲಿಸುವುದು ಹೇಗೆ, ತೊಗರಿ ಕಟ್ಟಿಗೆಯ ಕಡ್ಡಿಗಳನ್ನು ಹತ್ತು ಹತ್ತರ ಕಟ್ಟು ಮಾಡಿ ರಬ್ಬರ್ ಹಾಕಿ ಇಟ್ಟಿದ್ದರು, ಕಟ್ಟು ಬಿಚ್ಚು, ಕಡ್ಡಿ ಎಣಿಸು, ಎಷ್ಟು ಚೆನ್ನಾಗಿತ್ತು, ನಲವತ್ತೊಂದನೆಯ ವಯಸ್ಸಿನಲ್ಲಿ ಮೊದಲ ಸಲ ನನಗೇ ತಿಳಿಯಿತು ಆ ಹತ್ತು ಎಲ್ಲಿಂದ ಬರುತ್ತದೆ ಎಂದು, ಹೊಸದಾಗಿ ಸೈಕಲ್ ಕಲಿತವಳಂತೆ ಊರೆಲ್ಲ ಸುತ್ತಬೇಕು ಅನಿಸಿತು, ಸಂಪನ್ಮೂಲ ವ್ಯಕ್ತಿ ಹೇಳಿದ್ದರು, ಮಕ್ಕಳಿಗೆ ಒಂದೇ ಪದ್ಧತಿ ಇರಬೇಕ್ರಿ, ಮನಿಯಾಗ ಹಳೇದು ಏನರೆ ಕಲಿಸಿದ್ರ ಬಿಡಿಸ್ರಿ, ಬರೆದುಕೊಂಡೆ, ಅಡಿಗೆರೆ ಹಾಕಿಕೊಂಡೆ. ಬಂದ ಮರುದಿನವೇ ಮಂಜಿರಿಯ ಹಳೆಯ ನೋಟ್‌ಬುಕ್ ತರಿಸಿ ಕೆಂಪು ಪೆನ್ನಿನಿಂದ ಇಪ್ಪತ್ತು ಲೆಕ್ಕ ಹೊಡೆದು ಹಾಕಿದೆ. ಇಪ್ಪತ್ತೂ ಸರಿಯಾಗಿದ್ದವು. ಅವಳು ಕೆಂಪು ಗೆರೆಗಳನ್ನು ಒಂದೊಂದಾಗಿ ನೋಡಿದಳು, ಉತ್ತರ ಮತ್ತೆ ಕೂಡಿಸಿ ತಾಳೆ ನೋಡಿದಳು, ತಾಳೆಯಾಯಿತು, ಆಮೇಲೆ ನನ್ನ ಮುಖ ನೋಡಿದಳು.

ಕಾವೇರಿಬಾಯಿ ಆ ಶನಿವಾರ ಶಾಲೆಗೇ ಬಂದರು, ಸೆರಗಿನಲ್ಲಿ ನೋಟ್‌ಬುಕ್ ಸುತ್ತಿಕೊಂಡು, ಚಪ್ಪಲಿ ಹೊರಗೆ ಬಿಟ್ಟು, ಅಕ್ಕೋರ, ಇದರಾಗ ತಪ್ಪ ಎಲ್ಲದರಿ, ತೋರಸ್ರಿ, ನಾ ತಿದ್ಕೋತೇನಿ ಎಂದರು, ಎಪ್ಪತ್ತರ ಮುದುಕಿ, ತಿದ್ಕೋತೇನಿ ಎಂದರು, ವ್ಯಂಗ್ಯವಲ್ಲ, ನಿಜವಾಗಿ. ನಾನು ಏನು ಹೇಳಿದೆ, ತಪ್ಪಿಲ್ಲ ಆಯಿ, ಈಗ ಪದ್ಧತಿ ಬದಲಾಗ್ಯಾದ, ನೀವು ಮನಿಯಾಗ ಲೆಕ್ಕ ಹೇಳಿಕೊಡಬ್ಯಾಡ್ರಿ ಎಂದೆ, ಅವರು ಪುಸ್ತಕವನ್ನು ಮತ್ತೆ ಸೆರಗಿನಲ್ಲಿ ಸುತ್ತುತ್ತ, ಅಕ್ಕಗ ಹತ್ತು ವರ್ಷ ಏರಿದ್ರ ತಂಗಿಗೂ ಹತ್ತು ಏರ್ತದಲ್ರಿ, ಇಬ್ಬರ ನಡುವಿನ ಅಂತರ ಏನರೆ ಬದಲ್ ಆಗ್ತದೇನು, ಅಷ್ಟೇ ಅಲ್ಲೇನ್ರಿ ಇದು ಎಂದರು, ನನಗೆ ಅರ್ಥವಾಗಲಿಲ್ಲ, ಅರ್ಥವಾಗಲಿಲ್ಲ ಎಂದು ಹೇಳಿದ್ದರೆ ಏನು ಹೋಗುತ್ತಿತ್ತು, ಬಿಸಿಯೂಟದ ಗಂಟೆ ಹೊಡೆಯಿತು, ಆಮ್ಯಾಲ ಮಾತಾಡೋಣ್ರಿ ಎಂದು ಎದ್ದೆ, ಆಮೇಲೆ ಮಾತಾಡಲಿಲ್ಲ. ಈಗ, ಈ ಹಾಳು ಕೋಣೆಯಲ್ಲಿ, ಏನೂ ಮಾಡಲು ಬಿಡದ ಈ ಎರಡು ಗಂಟೆಯಲ್ಲಿ ಅರ್ಥವಾಗುತ್ತಿದೆ, ಇಬ್ಬರಿಗೂ ಹತ್ತು ಏರಿದರೆ ಅಂತರ ಹಾಗೇ ಉಳಿಯುತ್ತದೆ, ಮುದುಕಿಯದು ಪೂರ್ತಿ ಸರಿ, ಕಡ್ಡಿಯ ಕಟ್ಟಿನದೂ ಪೂರ್ತಿ ಸರಿ, ಎರಡನ್ನೂ ಒಂದೇ ಲೆಕ್ಕದಲ್ಲಿ ಮಾಡಿದರೆ ಮಾತ್ರ ಹಾಳು, ಮತ್ತು ಎರಡನ್ನೂ ಮಾಡುವ ಹುಡುಗಿ ಎಂಥವಳು, ಯಾರ ಮಾತನ್ನೂ ತೆಗೆದುಹಾಕಲಾರದವಳು, ಟೀಚರ್ ಹೇಳಿದ್ದೂ ಆಗಬೇಕು, ಆಯಿ ಹೇಳಿದ್ದೂ ಆಗಬೇಕು, ಅಪ್ಪ ಔರಾದಕ್ಕೆ ನಡಿ ಎಂದರೆ ನಡೆಯುವವಳು, ಅಲ್ಲಿ ಒಂದು ಕೂಸನ್ನು ಈ ಸೊಂಟಕ್ಕೆ ಇನ್ನೊಂದನ್ನು ಆ ಸೊಂಟಕ್ಕೆ ಎತ್ತಿಕೊಂಡು ನಿಲ್ಲುವವಳು.

ನನಗೆ ಗೊತ್ತಾಗಬೇಕಿತ್ತು. ದೀಪಾವಳಿಯ ನಂತರ ವಾರಕ್ಕೊಂದು ಪರೀಕ್ಷೆ ಕೊಡುತ್ತಿದ್ದೆ, ಇಪ್ಪತ್ತಕ್ಕೆ ಹತ್ತೊಂಬತ್ತು ತೆಗೆಯುತ್ತಿದ್ದವಳು ಹದಿಮೂರಕ್ಕೆ ಇಳಿದಳು, ಹನ್ನೆರಡಕ್ಕೆ, ಹೆದರಿಕೆ ಎಂದುಕೊಂಡೆ, ತಾಯಿಯ ನೆನಪು ಎಂದುಕೊಂಡೆ, ಗಮನ ಕೊಟ್ಟು ಮಾಡು ಎಂದು ಕೆಳಗೆ ಬರೆದೆ, ಗಮನ ಕೊಡದವಳು ನಾನು, ತಪ್ಪು ಎಂದು ಗೆರೆ ಎಳೆದೆ, ಎಷ್ಟು ತಪ್ಪು ಎಂದು ಒಂದು ದಿನವೂ ನೋಡಲಿಲ್ಲ, ನೋಡಿದ್ದರೆ ಎಲ್ಲದರಲ್ಲೂ ಅದೇ ಹತ್ತು, ಮೂರು ಅಂಕಿಯದಾದರೆ ಆ ಹತ್ತಿನ ಜೊತೆಗೆ ನೂರು, ಎದುರಿಗೇ ಕೂತು ಕಾಯುತ್ತಿತ್ತು. ನಾನೂ ಹಾಗೇ ಕಲಿತವಳು, ಇದೇ ಭಾಲ್ಕಿಯಲ್ಲಿ, ಗುರುಗಳು ಹೇಳಿದರೆ ಬರೆದುಕೊಳ್ಳುವುದು, ಯಾಕೆ ಎಂದರೆ ಬೆರಳ ಗಂಟಿನ ಮೇಲೆ ಅಡಿಪಟ್ಟಿಯ ಅಂಚು, ಕನ್ನಡ ಕಲಿಸುವ ಆಸೆಯಿಂದ ಕೆಲಸಕ್ಕೆ ಸೇರಿದವಳಿಗೆ ಮುಖ್ಯೋಪಾಧ್ಯಾಯರು ಗಣಿತಕ್ಕ ಯಾರೂ ಇಲ್ರಿ, ನೀವೇ ತಗೋರಿ ಎಂದರು, ತಗೊಂಡೆ, ಹದಿನಾರು ವರ್ಷದಿಂದ ತಗೊಳ್ಳುತ್ತಿದ್ದೇನೆ, ಎಷ್ಟು ಮಕ್ಕಳ ಸರಿಯನ್ನು ಹೊಡೆದು ಹಾಕಿರಬಹುದು, ಅವರೆಲ್ಲ ಈಗ ಎಲ್ಲೆಲ್ಲಿ ಹತ್ತು ಕಡಿಮೆ ಇಟ್ಟುಕೊಂಡು ಕೂತಿದ್ದಾರೋ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ, ಸುಳ್ಳು, ಮಾಡಿದವಳು ನಾನು, ಉಣ್ಣುವವಳು ಇವಳು, ನನಗೆ ಜೂನ್ ತಿಂಗಳಲ್ಲಿ ಇನ್ನೊಂದು ಐದನೆಯ ತರಗತಿ ಬರುತ್ತದೆ.

ಹದಿನಾಲ್ಕನೆಯ ಪ್ರಶ್ನೆ, ಆರುನೂರ ಮೂವತ್ತನಾಲ್ಕರಲ್ಲಿ ಇನ್ನೂರ ಐವತ್ತೆಂಟು, ಮುನ್ನೂರ ಎಪ್ಪತ್ತಾರು ಬರಬೇಕು, ಅವಳಿಗೆ ಇನ್ನೂರ ಅರವತ್ತಾರು ಬಂತು, ಐದರ ಕೆಳಗೆ ಒಂದು, ಎರಡರ ಕೆಳಗೆ ಒಂದು, ತುಂಬಿದಳು. ಭಾಗಾಕಾರ ಬಂತು, ಭಾಗಾಕಾರದ ಹೊಟ್ಟೆಯಲ್ಲೂ ಕಳೆಯುವುದೇ ಇದೆ, ಅಲ್ಲೂ ಸಣ್ಣ ಒಂದು. ಹೇಳಿಬಿಡಲೇ, ಬಗ್ಗಿ ಕಿವಿಯಲ್ಲಿ, ಕೆಳಗಿನದು ಬಿಡು ಮಂಜಿರಿ, ಎರಡೇ ಮಾತು, ಹೇಳಿದರೆ ಮುಸರ್ರತ ಎದ್ದು ಬರುತ್ತಾರೆ, ಹುಡುಗಿಯ ಹಾಳೆಯ ಮೇಲೆ ಅಡ್ಡಗೆರೆ, ಅವಳು ಮೂರು ವರ್ಷ ಯಾವ ಪರೀಕ್ಷೆಗೂ ಕೂರದ ಹಾಗೆ ಆದರೆ, ನನ್ನದೇನಾದರೂ ಆಗಲಿ, ನನ್ನದರ ಚಿಂತೆ ಇಲ್ಲ ಎಂದು ಹೇಳುತ್ತೇನೆ, ಆದರೆ ಇದೆ, ಕೆಲಸ ಹೋದೀತು ಎಂದು ನನಗೆ ಭಯವಾಗುತ್ತಿದೆ, ನಾಚಿಕೆಯಿಲ್ಲದವಳು. ತಡೆ, ಹಿಂದಿನ ಪುಟ ಗಾಳಿಗೆ ಹೊರಳಿತು, ಒಂಬತ್ತನೆಯದು, ಹನ್ನೊಂದನೆಯದು, ಅವುಗಳಲ್ಲಿ ಕೆಳಗೆ ಒಂದಿಲ್ಲ, ಆತುರದಲ್ಲಿ ಮರೆತಿದ್ದಾಳೆ, ಸರಿ ಬಂದಿವೆ, ಎರಡೂ ಸರಿ ಬಂದಿವೆ, ಮರೆವೇ, ನೀನಾದರೂ ನಮ್ಮ ಕಡೆ ಇದ್ದೀಯಲ್ಲ, ಇನ್ನೂ ಆರು ಲೆಕ್ಕ ಉಳಿದಿವೆ, ಈ ಕೆಳಗಿನದು ಒಂದನ್ನು ಬಿಟ್ಟರೆ ಉಳಿದೆಲ್ಲ ಬರುತ್ತದೆ, ಬಾಯಿ ಬೇಡ, ಬೆರಳು ಸಾಕು, ಮುಸರ್ರತ ತಲೆ ಬಗ್ಗಿಸಿ ಏನೋ ಬರೆಯುತ್ತಿದ್ದಾರೆ, ಈಗ, ನಾನು ಕಿಟಕಿಯ ಚಿಲಕ ಹಾಕುವವಳಂತೆ ಬಗ್ಗಿ, ಹಿಂತಿರುಗುವಾಗ ಅವಳ ಪುಟದ ಮೇಲೆ, ಐದರ ಕೆಳಗಿನ ಆ ಸಣ್ಣ ಒಂದರ ಮೇಲೆ ತೋರುಬೆರಳು ಇಟ್ಟೆ, ಒಂದು ಉಸಿರಿನಷ್ಟು ಹೊತ್ತು, ಒತ್ತಿದೆ, ತೆಗೆದೆ. ಅವಳು ತಲೆ ಎತ್ತಿದಳು. ತಿಳಿಯಿತು ಎಂಬಂತೆ ಕಣ್ಣು ಮುಚ್ಚಿ ತೆರೆದಳು, ಎಷ್ಟು ಜಾಣೆ, ನನ್ನ ಎದೆ ಹಗುರಾಯಿತು, ನಾಲ್ಕು ತಿಂಗಳ ಪಾಪ ಒಂದು ಬೆರಳಿನಲ್ಲಿ ಹೋಯಿತು ಎಂದುಕೊಂಡೆ.

ಅವಳು ಪುಟ ಹಿಂದಕ್ಕೆ ತಿರುವಿದಳು, ಯಾಕೆ, ಮುಂದೆ ಹೋಗು ಮಗಾ, ಹಿಂದೆ ಏನಿದೆ, ಒಂಬತ್ತನೆಯದಕ್ಕೆ ಹೋದಳು, ಸರಿ ಬಂದಿದ್ದ ಒಂಬತ್ತು, ನೋಡಿದಳು, ತುಟಿ ಕಚ್ಚಿಕೊಂಡಳು, ಎಷ್ಟು ದೊಡ್ಡ ತಪ್ಪು ಮಾಡಿಬಿಟ್ಟಿದ್ದೆ ಎಂಬಂತೆ, ಟೀಚರ್ ತೋರಿಸದಿದ್ದರೆ ಎಂಬಂತೆ, ಮತ್ತು ಕೆಳಗೆ, ಮೂರರ ಕೆಳಗೆ, ಮರೆತುಬಿಟ್ಟಿದ್ದ ಆ ಒಂದನ್ನು ಬರೆದಳು — ಬೇಡ — ಮತ್ತೆ ಕಳೆದಳು, ಹತ್ತು ಕಡಿಮೆ ಬಂತು, ಉತ್ತರದ ಹಾಳೆಯಲ್ಲಿ ಆಗಲೇ ತುಂಬಿದ್ದ ಸೊನ್ನೆಯ ಪಕ್ಕದ ಸೊನ್ನೆಯನ್ನೂ ತುಂಬಿದಳು, ಒಂದೇ ಸಾಲಿನಲ್ಲಿ ಎರಡು ಕಪ್ಪು, ಯಂತ್ರಕ್ಕೆ ಎರಡು ಎಂದರೆ ಒಂದೂ ಇಲ್ಲ. ಹನ್ನೊಂದಕ್ಕೆ ಹೋದಳು. ಟೀಚರ್, ಬರ್ರಿ, ಲಾಸ್ಟ್ ಹದಿನೈದು ನಿಮಿಷ ಅಂತ ಬೋರ್ಡ್ ಮ್ಯಾಲ ಬರೀರಿ, ಮುಸರ್ರತ ಕರೆಯುತ್ತಾರೆ, ಬರೆಯುತ್ತೇನೆ, ಬರೆದೆ, ಸೀಮೆಸುಣ್ಣದ ಪುಡಿ ಕೈಗೆ ಹತ್ತಿತು, ಬೋರ್ಡಿನ ಮೇಲೆ ಯಾರೋ ಹಿಂದೆ ಗುರು ಮುಂದೆ ಗುರಿ ಎಂದು ಬಣ್ಣದಲ್ಲಿ ಬರೆಸಿದ್ದಾರೆ, ನಮ್ಮ ಶಾಲೆಯಲ್ಲೂ ಇದೆ, ಇಲ್ಲಿಂದ ಅವಳ ತಲೆ ಮಾತ್ರ ಕಾಣುತ್ತದೆ, ಎಣ್ಣೆ ಹಾಕಿ ಬೈತಲೆ ತೆಗೆದ ತಲೆ, ಕಾವೇರಿಬಾಯಿ ಕತ್ತಲಲ್ಲೇ ಎಬ್ಬಿಸಿ ಬಾಚಿರಬೇಕು, ತಲೆ ಎತ್ತುತ್ತಾಳೆ, ನನ್ನನ್ನು ಹುಡುಕುತ್ತಾಳೆ, ಸಿಕ್ಕೆ, ಸರಿ ಅಲ್ಲೇನ್ರಿ ಎಂದು ಕಣ್ಣಿನಲ್ಲೇ ಕೇಳುತ್ತಾಳೆ, ತಲೆ ಅಡ್ಡಡ್ಡ ಆಡಿಸು ಕರುಣಾ, ಒಮ್ಮೆ, ಮುಸರ್ರತ ನನ್ನನ್ನೇ ನೋಡುತ್ತಿದ್ದಾರೆ, ಆಡಿಸು, ನಾನು ಸುಮ್ಮನೆ ನಿಂತಿದ್ದೇನೆ, ಸುಮ್ಮನೆ ನಿಂತಿದ್ದನ್ನೇ ಅವಳು ಹೌದು ಎಂದು ತೆಗೆದುಕೊಂಡು ನಗುತ್ತಾಳೆ, ಮುಂದಿನ ಲೆಕ್ಕಕ್ಕೆ ಬಗ್ಗುತ್ತಾಳೆ, ಹತ್ತು ತರುವ ಗೋಜೇ ಇಲ್ಲದ ಲೆಕ್ಕವಾದರೂ ಬಿಡುವುದಿಲ್ಲ ಈಗ, ಪೆನ್ನು ಅಂಕಿಗಳನ್ನು ದಾಟಿ ಕೆಳಗೆ ಹೋಗುತ್ತದೆ, ಇಲ್ಲಿಂದ ನನಗೆ ಕಾಣಬಾರದು, ಕಾಣುತ್ತಿದೆ, ಸಣ್ಣ ಒಂದು, ಇನ್ನೊಂದರ ಕೆಳಗೆ, ಸಣ್ಣ ಒಂದು, ಅದರ ಕೆಳಗೆ, ಒಂದು, ಕೆಳಗೆ, ಒಂದು